ಬಾಕಿ ಉಳಿದಿದ್ದ ಒಂದು ಎಂಟ್ರಿ

2009ರ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ. ನಾನು ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿ ಶೂ ಲೇಸು ಕಟ್ಟುತ್ತಿದ್ದೆ. ನನ್ನಾಕೆ ಬಚ್ಚಲುಮನೆಯ ಕನ್ನಡಿಯ ಮುಂದಿನಿಂದಲೇ, "ಸ್ವಲ್ಪ ಇಲ್ಲಿ ಬನ್ರೀ, ನನ್ನ ತುಟಿ ನೋಡಿ" ಎಂದು ಕೂಗಿದಳು. ಹೋಗಿ ನೋಡಿದರೆ ಮೇಲ್ದುಟಿ ಎಡಗಡೆ ಊದಿಕೊಂಡು ಮೂಗಿನ ಹತ್ತಿರದವರೆಗೂ ಬಿಗಿದುಕೊಂಡಿತ್ತು. ನೋವಿಲ್ಲ, ತುರಿಕೆಯಿಲ್ಲ, ಜ್ವರವೂ ಇಲ್ಲ. "ರಾತ್ರಿ ಏನೋ ಹುಳ ಕಚ್ಚಿರಬೇಕು, ಸುಣ್ಣ ಹಚ್ಕೋ" ಎಂದು ಹೇಳಿ ನಾನು ಬಸ್ಸಿಗೆ ಓಡಿದೆ. ಪಕ್ಕದ ಮನೆಯ ಪಂಜಾಬಿ ಹೆಂಗಸು, "ಅರೇ ಭಾಭೀಜಿ, ಮಧುಮಕ್ಖಿ ನೇ ಕಾಟ್ ಲಿಯಾ ಕ್ಯಾ?" ಎಂದು ನಕ್ಕರಂತೆ. ನಾಲ್ಕು ದಿನದಲ್ಲಿ ಊತ ತಾನಾಗಿಯೇ ಇಳಿಯಿತು. ನಾವೂ ಮರೆತೆವು.

ಆಗ ನಾವು ಯಮುನೆಯ ಆಚೆ, ದೆಹಲಿಯವರು 'ಜಮುನಾ ಪಾರ್' ಎಂದು ಸ್ವಲ್ಪ ಕೀಳಾಗಿ ಕರೆಯುವ ಕಡೆ, ಮಯೂರ್ ವಿಹಾರದಲ್ಲಿ ಇದ್ದೆವು. ನನ್ನದು ತೀರ್ಥಹಳ್ಳಿ ಕಡೆ, ಇವಳ ತವರು ಕೊಪ್ಪದ ಹತ್ತಿರ. ಎಂ.ಕಾಂ. ಮುಗಿಸಿ 1982ರಲ್ಲಿ ಬ್ಯಾಂಕು ಸೇರಿದ ನನಗೆ ಆಫೀಸರಾದ ಮೇಲೆ ಮೂರ್ನಾಲ್ಕು ವರ್ಷಕ್ಕೊಂದು ವರ್ಗ. ಕಾನ್ಪುರ, ಹುಬ್ಬಳ್ಳಿ, ನಾಗಪುರ, ಕೊನೆಗೆ 2004ರಲ್ಲಿ ದೆಹಲಿ. ವರ್ಗದ ಆರ್ಡರ್ ಬಂದರೆ ಮೊದಲು ಮಾಡುವ ಕೆಲಸವೆಂದರೆ ಬೇಡದ್ದನ್ನು ಎಸೆಯುವುದು. ಲಾರಿಯವನು ಸಾಮಾನಿನ ಲೆಕ್ಕದಲ್ಲಿ ಬಾಡಿಗೆ ಹೇಳುತ್ತಾನೆ ನೋಡಿ, ಹಳೆ ಪತ್ರಿಕೆ, ಒಡೆದ ಪ್ಲಾಸ್ಟಿಕ್ ಡಬ್ಬಿ, ಅವುಗಳ ಜೊತೆಗೆ ಡಾಕ್ಟರರ ಚೀಟಿಗಳು. ಎಲ್.ಐ.ಸಿ. ಪಾಲಿಸಿ, ಮಗಳ ಮಾರ್ಕ್ಸ್ ಕಾರ್ಡು ಭದ್ರವಾಗಿ ಇಟ್ಟುಕೊಂಡ ನಾನು ಹೆಂಡತಿಯ ಒಂದು ಔಷಧಿ ಚೀಟಿಯನ್ನೂ ಊರಿಂದೂರಿಗೆ ತಂದವನಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಇವಳಿಗೆ ಹಿಂದಿ ತರಕಾರಿಯವನ ಜೊತೆ, ಕೆಲಸದವಳ ಜೊತೆ ಸಾಕಾಗುವಷ್ಟು ಬರುತ್ತಿತ್ತು. ಬ್ಯಾಂಕು, ಶಾಲೆ, ಆಸ್ಪತ್ರೆ ಎಂದರೆ ಮಾತೆಲ್ಲ ನನ್ನದೇ. ಡಾಕ್ಟರು ಇವಳ ಮುಖ ನೋಡಿ ಪ್ರಶ್ನೆ ಕೇಳುತ್ತಿದ್ದರು, ನಾನು ಉತ್ತರ ಹೇಳುತ್ತಿದ್ದೆ. ಹೊರನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಊರಲ್ಲಿರುವ ನಿಮಗೆ ಇದು ವಿಚಿತ್ರ ಎನ್ನಿಸಬಹುದು.

ಡಿಸೆಂಬರಿನಲ್ಲಿ ಊತ ಮತ್ತೆ ಬಂತು. ಈ ಸಲ ಹತ್ತು ದಿನ ಇತ್ತು. 2010ರ ಬೇಸಿಗೆಯಲ್ಲಿ ಬಂದಿದ್ದು ಪೂರ್ತಿ ಇಳಿಯಲೇ ಇಲ್ಲ. ಮೊದಮೊದಲು ಮೆತ್ತಗಿದ್ದ ತುಟಿ ಈಗ ಒತ್ತಿದರೆ ರಬ್ಬರಿನ ಹಾಗೆ ಗಟ್ಟಿ. ಒಂದೊಂದು ದಿನ ಕೆನ್ನೆಗೂ ಹಬ್ಬುತ್ತಿತ್ತು. ಕಾಲೋನಿಯ ಡಾಕ್ಟರು ಅಲರ್ಜಿ ಎಂದರು, ಸೆಟ್ರಿಜಿನ್ ಕೊಟ್ಟರು. ಇವಳು ಬದನೆಕಾಯಿ ಬಿಟ್ಟಳು, ಶೇಂಗಾ ಬಿಟ್ಟಳು, ಮೊಸರು ಬಿಟ್ಟಳು. ಇನ್ನೊಬ್ಬರು ಹಲ್ಲಿನ ಬೇರಿನಲ್ಲಿ ಕೀವಿರಬೇಕೆಂದು ದಂತವೈದ್ಯರ ಹತ್ತಿರ ಕಳಿಸಿದರು. ಅಲ್ಲಿ ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು, ಇನ್ನೊಂದು ಹಲ್ಲು ಕಿತ್ತದ್ದೂ ಆಯಿತು. ಚರ್ಮರೋಗದ ಕ್ಲಿನಿಕ್ಕಿನಲ್ಲಿ ಲಿಪ್‌ಸ್ಟಿಕ್ ಹಚ್ಚುತ್ತೀರಾ ಎಂದು ಕೇಳಿದರು. ನನ್ನಾಕೆ ಮದುವೆಯ ದಿನವೂ ಲಿಪ್‌ಸ್ಟಿಕ್ ಹಚ್ಚಿದವಳಲ್ಲ.

ಅಲರ್ಜಿಯ ಊತ, ಅಥವಾ ಆಂಜಿಯೋಎಡಿಮಾ ಎನ್ನುವ ಊತ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಗುರುತೇ ಇಲ್ಲದೆ ಇಳಿದುಹೋಗುತ್ತದೆ, ವಾರಗಟ್ಟಲೆ ನಿಂತು ಗಟ್ಟಿಯಾಗುವ ಊತಕ್ಕೆ ಬೇರೆ ಕಾರಣ ಹುಡುಕಬೇಕು ಅನ್ನುವುದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಯಾವ ಡಾಕ್ಟರೂ ದಡ್ಡರಲ್ಲ, ಇದನ್ನೂ ಹೇಳಬೇಕು. ಪ್ರತಿಯೊಬ್ಬರೂ ತಮ್ಮ ಮುಂದೆ ಇಟ್ಟಷ್ಟನ್ನೇ ನೋಡಿದರು. ಮುಂದೆ ಇಡಬೇಕಾದವನು ನಾನು.

ಊತಕ್ಕಿಂತ ಹೆಚ್ಚು ಕಷ್ಟವಾಗಿದ್ದು ಬೇರೆಯದು. ನಾವು ತಿಂಗಳಿಗೊಂದೆರಡು ಸಲ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಹೋಗುತ್ತಿದ್ದೆವು. ನಾಟಕ, ಯಕ್ಷಗಾನ, ಯುಗಾದಿ, ರಾಜ್ಯೋತ್ಸವ ಯಾವುದಿದ್ದರೂ ಸರಿ. ಇವಳು ಗುಂಪಿನಲ್ಲಿ ಹಾಡುವವಳು. ಕನ್ನಡದಲ್ಲಿ ಹರಟೆ ಹೊಡೆಯಲು ಇವಳಿಗೆ ಊರು ಬಿಟ್ಟರೆ ಇದ್ದದ್ದು ಅದೊಂದೇ ಜಾಗ. 2010ರ ರಾಜ್ಯೋತ್ಸವದ ಹೊತ್ತಿಗೆ ಅದು ನಿಂತಿತು. "ಹಾಡೋವಾಗ 'ಪ', 'ಬ', 'ಮ' ಸರಿ ಬರಲ್ಲ, ತುಟಿ ಕೂಡಲ್ಲ" ಎಂದಳು. ಅದು ನಿಜವೇ. ಆದರೆ ನಿಜವಾದ ಕಾರಣ, ಅಲ್ಲಿ ಎಲ್ಲರೂ ಪ್ರೀತಿಯಿಂದಲೇ "ಏನಾಯ್ತು, ಏನಾಯ್ತು" ಎಂದು ಕೇಳುತ್ತಿದ್ದರು. ಪರಭಾಷೆಯವರು ದಿಟ್ಟಿಸಿದರೆ ತಡೆದುಕೊಳ್ಳಬಹುದು. ನಮ್ಮವರು ಮರುಕದಿಂದ ನೋಡಿದರೆ ತಡೆದುಕೊಳ್ಳುವುದು ಕಷ್ಟ. ನವೆಂಬರಿನ ದೆಹಲಿಯಲ್ಲಿ ಹೊಗೆಮಂಜು ಮುಸುಕಿದಾಗ ಕೆಲವರು ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತಾರಲ್ಲ, ಆ ದಿನಗಳಲ್ಲಿ ಮಾತ್ರ ಇವಳು ಖುಷಿಯಾಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳು.

ಊರಿನಿಂದ ಅತ್ತಿಗೆ ಫೋನು ಮಾಡಿದರು. ಚರ್ಮದ ಕಾಯಿಲೆ, ಮುಖದ ಊತ ಎಂದ ಕೂಡಲೇ ನಮ್ಮ ಕಡೆ ಏನು ಹೇಳುತ್ತಾರೆ ಎನ್ನುವುದು ನಿಮಗೆ ಗೊತ್ತೇ ಇದೆ. "ನಾಗದೋಷ ಇರಬೇಕು, ತೋಟದ ಮೂಲೆಯ ಬನ ಸವರಿದ್ದು ನಿಮ್ಮ ಕಾಲದಲ್ಲೇ ಅಲ್ವಾ? ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿಬಿಡಿ" ಎಂದರು. ನಾನು ಅಂಥದ್ದನ್ನೆಲ್ಲ ಬಹಳ ನಂಬುವವನಲ್ಲ, ಆದರೆ ಹೆಂಡತಿಯ ಮುಖದ ಎದುರು ನಿಂತು ವಾದ ಮಾಡುವಷ್ಟು ಧೈರ್ಯವೂ ಇರಲಿಲ್ಲ. ಎಲ್.ಟಿ.ಸಿ. ಹಾಕಿ ಹೋದೆವು. ಸುಬ್ರಹ್ಮಣ್ಯದಲ್ಲಿ ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಸೋಜಿಗವೆಂದರೆ ವಾಪಸು ದೆಹಲಿಗೆ ಬರುವಷ್ಟರಲ್ಲಿ ಊತ ಅರ್ಧಕ್ಕರ್ಧ ಇಳಿದಿತ್ತು! ಅತ್ತಿಗೆಗೆ ಹೇಳಿದಾಗ ಅವರು ಅಲ್ಲಿಂದಲೇ ಕೈಮುಗಿದಿರಬೇಕು.

ಒಂದು ತಿಂಗಳಿಗೆ ಮತ್ತೆ ಬಂತು. ಈ ಕಾಯಿಲೆಯ ಗುಣವೇ ಅದು, ಏರುವುದು, ಇಳಿಯುವುದು. ಏರಿದಾಗ ನಾವು ಮದ್ದು ಹುಡುಕಿಕೊಂಡು ಓಡುತ್ತೇವೆ, ಅಷ್ಟರಲ್ಲಿ ಅದರ ಪಾಡಿಗೆ ಅದು ಇಳಿಯುತ್ತದೆ. ಕೊನೆಯಲ್ಲಿ ಯಾರ ಹತ್ತಿರ ಹೋಗಿದ್ದೆವೋ ಅವರಿಗೆ ಕೀರ್ತಿ. ಸೆಟ್ರಿಜಿನ್ನಿಗೂ, ಕಿತ್ತ ಹಲ್ಲಿಗೂ, ಕರೋಲ್ ಬಾಗಿನ ಒಬ್ಬ ವೈದ್ಯರ ಕಷಾಯಕ್ಕೂ, ಸುಬ್ರಹ್ಮಣ್ಯನಿಗೂ ಸರದಿಯ ಮೇಲೆ ಆ ಕೀರ್ತಿ ಸಂದಿತು.

2011ರ ಫೆಬ್ರವರಿಯಲ್ಲಿ ಇವಳ ಅಣ್ಣನ ಮಗಳ ಮದುವೆ. ತನ್ನ ಕೈಯಾರೆ ಎತ್ತಿ ಆಡಿಸಿದ ಹುಡುಗಿ. ಮಗಳಿಗೆ ಕಾಲೇಜಿನ ಪರೀಕ್ಷೆ ಎಂದು ಸುಳ್ಳು ಹೇಳಿ ಇವಳು ಹೋಗಲಿಲ್ಲ, ನನ್ನೊಬ್ಬನನ್ನೇ ಕಳಿಸಿದಳು. ಛತ್ರದಲ್ಲಿ ನನ್ನನ್ನು ನೋಡಿದವರೆಲ್ಲ ಕೇಳಿದ್ದು ಒಂದೇ, "ಅವಳೆಲ್ಲಿ?" ಊಟ ಸೇರಲಿಲ್ಲ. ಇನ್ನು ಸುಮ್ಮನಿರಬಾರದು ಎಂದು ತೀರ್ಮಾನ ಮಾಡಿದ್ದು ಕೊಪ್ಪದಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ.

ಮೇ ತಿಂಗಳಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ತುಟಿಯ ಒಳಗಿನಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ ಗ್ರ್ಯಾನ್ಯುಲೋಮಾ ಎಂದು ಬಂತು. ಮೈಯ ಕಾವಲು ಕಣಗಳು ಯಾವುದನ್ನೋ ಶತ್ರು ಎಂದು ತಿಳಿದು ಅದರ ಸುತ್ತ ಮುತ್ತಿಗೆ ಹಾಕಿ ಗಂಟುಕಟ್ಟಿಕೊಂಡರೆ ಅದೇ ಗ್ರ್ಯಾನ್ಯುಲೋಮಾ. ಅಲ್ಲಿನ ಡಾಕ್ಟರು ರಿಪೋರ್ಟು ನೋಡಿದವರೇ, "ನಮ್ಮ ದೇಶದಲ್ಲಿ ಗ್ರ್ಯಾನ್ಯುಲೋಮಾ ಅಂದರೆ ಟಿ.ಬಿ. ಅಂತಲೇ ಇಟ್ಟುಕೊಳ್ಳಬೇಕು, ಆರು ತಿಂಗಳ ಕೋರ್ಸು ಶುರು ಮಾಡಿ" ಎಂದರು. ಮ್ಯಾಂಟೂ ಪರೀಕ್ಷೆಗೆ ಮುಂಗೈಯಲ್ಲಿ ಚುಚ್ಚಿದ ಜಾಗವೂ ಕೆಂಪಗೆ ಊದಿತ್ತು. ನಾನು ನಾಲ್ಕು ಬಗೆಯ ಮಾತ್ರೆಗಳನ್ನು ಕೊಂಡು ತಂದೆ. ಇವಳು ಆ ಪೊಟ್ಟಣವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು, "ಊರಲ್ಲಿ ಯಾರಿಗೂ ಹೇಳ್ಬೇಡಿ. ನಾಳೆ ಮಗಳಿಗೆ ಗಂಡು ನೋಡಬೇಕು" ಎಂದಳು. ಒಂದು ಮಾತ್ರೆಯನ್ನೂ ನುಂಗಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ, ಹಾಗಿರುವಾಗ ನನಗೆಂಥ ಟಿ.ಬಿ. ಎನ್ನುವುದು ಇವಳ ವಾದ. ನಾನು ರೇಗಿದೆ. ಆಮೇಲೆ ನೋಡಿದರೆ ವಾದ ಇವಳದ್ದೇ ಸರಿಯಿತ್ತು, ಆದರೆ ಕಾರಣ ಅಷ್ಟೇ ಅಲ್ಲ. ಟಿ.ಬಿ. ಕೆಮ್ಮಿಲ್ಲದೆಯೂ ಬರಬಹುದಂತೆ.

ಅರಬಿಂದೋ ಮಾರ್ಗದಲ್ಲಿ ಏಮ್ಸ್ ಮತ್ತು ಸಫ್ದರ್‌ಜಂಗ್ ಎನ್ನುವ ಎರಡು ದೊಡ್ಡ ಸರ್ಕಾರಿ ಆಸ್ಪತ್ರೆಗಳು ರಸ್ತೆಯ ಎರಡು ಬದಿಗೆ ಎದುರುಬದುರಾಗಿ ಇವೆ. ಬಿಹಾರ, ಉತ್ತರ ಪ್ರದೇಶ, ಹರಿಯಾಣದ ಹಳ್ಳಿಗಳಿಂದ ಬಂದ ಜನ ಹಾಸಿಗೆ, ಸ್ಟೌವು ಸಮೇತ ಸುತ್ತಲಿನ ಫುಟ್‌ಪಾತಿನಲ್ಲೇ ದಿನಗಟ್ಟಲೆ ಇರುತ್ತಾರೆ. ಅವರನ್ನು ನೋಡಿದ ಮೇಲೆ ನಮ್ಮದು ಕಷ್ಟವೇ ಅಲ್ಲ ಎನ್ನಿಸುತ್ತದೆ, ಒಂದು ಗಂಟೆಯ ಮಟ್ಟಿಗೆ. ನಾವು ಹೋಗಿದ್ದು ಆ ಎರಡರಲ್ಲಿ ಒಂದಕ್ಕೆ. ಮೆಟ್ರೋ ಆ ಹೊತ್ತಿಗೆ ಏಮ್ಸ್‌ವರೆಗೆ ಬಂದಿತ್ತು, ಆದರೆ ಮೊದಲ ರೈಲು ಹಿಡಿದರೂ ಕಾರ್ಡಿನ ಸಾಲಿಗೆ ತಡವಾಗುತ್ತದೆ ಎಂದು ಬೆಳಗಿನ ಜಾವ ನಾಲ್ಕೂವರೆಗೆ ಆಟೋ ಹಿಡಿದೆವು. ಜುಲೈ ತಿಂಗಳ ಸೆಕೆ. ಹನ್ನೊಂದೂವರೆಗೆ ನಮ್ಮ ಸರದಿ ಬಂತು.

ನೋಡಿದವಳು ಮೂವತ್ತೂ ತುಂಬಿರದ ರೆಸಿಡೆಂಟ್ ಡಾಕ್ಟರು. ತೆಲುಗಿನವಳಿರಬೇಕು, ಅವಳ ಹಿಂದಿಯೂ ನಮ್ಮದರ ಹಾಗೇ ಇತ್ತು. ತುಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ "ನಾಲಿಗೆ ಚಾಚಿ" ಎಂದಳು. ಎರಡು ವರ್ಷದಲ್ಲಿ ಅಷ್ಟು ಡಾಕ್ಟರರನ್ನು ಕಂಡಿದ್ದೆವಲ್ಲ, ನಾಲಿಗೆಯನ್ನು ನೋಡಿ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ನೋಡಿದವಳು ಇವಳೊಬ್ಬಳೇ. ನನ್ನಾಕೆಯ ನಾಲಿಗೆ ಚಿಕ್ಕಂದಿನಿಂದಲೂ ಸೀಳುಸೀಳಾಗಿಯೇ ಇತ್ತು. ಬೇಸಿಗೆಯಲ್ಲಿ ಒಣಗಿದ ಗದ್ದೆ ಬಿರುಕು ಬಿಟ್ಟ ಹಾಗೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಉಷ್ಣಕ್ಕೆ ಹಾಗಾಗಿದೆ ಎಂದು ತುಪ್ಪ ಸವರಿ, ಎಳನೀರು ಕುಡಿಸಿ ಬೆಳೆಸಿದ್ದರಂತೆ. ಅದೊಂದು ಕಾಯಿಲೆ ಎಂದು ಯಾರೂ ತಿಳಿದಿರಲಿಲ್ಲ. ಬಹಳ ಜನಕ್ಕೆ ಅದು ಕಾಯಿಲೆಯೂ ಅಲ್ಲ, ಎಷ್ಟೋ ಆರೋಗ್ಯವಂತರಿಗೆ ಅಂಥ ನಾಲಿಗೆ ಇರುತ್ತದೆ.

"ಇವರಿಗೆ ಹಿಂದೆ ಯಾವಾಗಲಾದರೂ ಮುಖದ ಲಕ್ವಾ ಹೊಡೆದಿತ್ತಾ?" ಎಂದು ಕೇಳಿದಳು.

"ಇಲ್ಲ, ಯಾವತ್ತೂ ಇಲ್ಲ" ಎಂದೆ ನಾನು.

ನನ್ನಾಕೆ ಮೆಲ್ಲಗೆ, "ಕಾನ್ಪುರದಲ್ಲಿ ಆಗಿತ್ತಲ್ರೀ" ಎಂದಳು.

"ಅದು ಗಾಳಿ ಹೊಡೆದಿದ್ದು ಕಣೇ. ಲಕ್ವಾ ಅಲ್ಲ."

"ಮೇಡಂ ಏನೋ ಅಂದರಲ್ಲ, ಏನು?" ಎಂದಳು ಡಾಕ್ಟರು. ನಾನು ಹಿಂದಿಯಲ್ಲಿ ಹೇಳುವಷ್ಟರಲ್ಲಿಯೇ ಅವಳ ಹುಬ್ಬು ಮೇಲೇರಿತ್ತು. "ಯಾವ ಕಡೆ? ಎಡಕ್ಕಾ, ಬಲಕ್ಕಾ?" ನನಗೆ ನೆನಪಿರಲಿಲ್ಲ. "ಎಷ್ಟು ದಿನ ಇತ್ತು?" ಅದೂ ನೆನಪಿರಲಿಲ್ಲ. ಆಗ ಅವಳು ಬಹಳ ಮರ್ಯಾದೆಯಿಂದಲೇ, "ಅಂಕಲ್, ನೀವು ಸ್ವಲ್ಪ ಹೊರಗೆ ಕೂತಿರಿ. ನಾನು ಅವರ ಹತ್ತಿರವೇ ಕೇಳಿಕೊಳ್ಳುತ್ತೇನೆ" ಎಂದಳು. ಇಪ್ಪತ್ತು ನಿಮಿಷ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ತರಕಾರಿಯವನಿಗೆ ಸಾಕಾಗುವಷ್ಟು ಎಂದು ನಾನು ತಿಳಿದಿದ್ದ ಹಿಂದಿಯಲ್ಲಿ ಇವಳು ಒಳಗೆ ಮಾತಾಡುತ್ತಿದ್ದುದು ಪರದೆಯ ಆಚೆಯಿಂದ ಕೇಳುತ್ತಿತ್ತು.

ಅದು 1994ರ ಮಾರ್ಚ್. ನಾವು ಕಾನ್ಪುರದ ಸ್ವರೂಪನಗರದಲ್ಲಿದ್ದೆವು, ಮಗಳಿಗೆ ನಾಲ್ಕು ವರ್ಷ. ನಾನು ಆಗ ಶಾಖೆ ಶಾಖೆಗಳ ನಡುವಿನ ಲೆಕ್ಕ ಹೊಂದಿಸುವ ವಿಭಾಗದಲ್ಲಿದ್ದೆ. ಈಗಿನ ಹುಡುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ಶಾಖೆ ಡಿ.ಡಿ. ಕೊಟ್ಟರೆ, ಬೇರೆ ಊರಿನ ಇನ್ನೊಂದು ಶಾಖೆ ಅದಕ್ಕೆ ದುಡ್ಡು ಕೊಡುತ್ತಿತ್ತು. ಅಲ್ಲೊಂದು ಎಂಟ್ರಿ, ಇಲ್ಲೊಂದು ಎಂಟ್ರಿ. ಎರಡನ್ನೂ ಹುಡುಕಿ ಜೋಡಿ ಮಾಡುವವರೆಗೆ ಲೆಕ್ಕ ಮುಗಿಯುವುದಿಲ್ಲ. ಜೋಡಿ ಸಿಗದಿದ್ದರೆ ಸಸ್ಪೆನ್ಸ್ ಅಕೌಂಟಿನಲ್ಲಿ ಬಿದ್ದಿರುತ್ತದೆ. 1992ರ ಹರ್ಷದ್ ಮೆಹ್ತಾ ಹಗರಣದ ಮೇಲೆ ಹಳೆಯ ಬಾಕಿಗಳನ್ನೆಲ್ಲ ಹೊಂದಿಸಬೇಕೆಂಬ ಒತ್ತಡ ಜೋರಾಗಿತ್ತು. ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದೆ, ಬೆಳಿಗ್ಗೆ ಎಂಟಕ್ಕೆ ಹೊರಡುತ್ತಿದ್ದೆ. ಅಂಥ ಒಂದು ದಿನ ಇವಳ ಮುಖದ ಒಂದು ಭಾಗ ಜೋತುಬಿದ್ದಿತ್ತು. ಹತ್ತಿರದ ಕ್ಲಿನಿಕ್ಕಿನ ಕಾಂಪೌಂಡರ್ "ಹವಾ ಲಗ್ ಗಯೀ" ಎಂದಿದ್ದು ನನಗೆ ನೆನಪಿತ್ತು. ಆ ಕಡೆಯ ಜನ ಹಾಗೇ ಹೇಳುತ್ತಾರೆ, ಬಸ್ಸಿನ ಕಿಟಕಿಯ ತಣ್ಣನೆ ಗಾಳಿ ಮುಖಕ್ಕೆ ಹೊಡೆದರೆ ಹೀಗಾಗುತ್ತದೆ ಎಂದು. ಮಾತ್ರೆ ಕೊಟ್ಟರು, ಕಣ್ಣಿಗೆ ಡ್ರಾಪ್ಸ್ ಕೊಟ್ಟರು, ಬಲೂನು ಊದಲು ಹೇಳಿದರು. ವಾಸಿಯಾಯಿತು. ಬಾಕಿಯೆಲ್ಲ ನಾನು ಮರೆತಿದ್ದೆ.

ಆದರೆ ಡಾಕ್ಟರಿಗೆ ಯಾವುದಾದರೂ ಕಾಗದ ಇದ್ದರೆ ಒಳ್ಳೆಯದಿತ್ತು. ಚೀಟಿ ಎಲ್ಲಿಂದ ತರುವುದು? ಅದು ಹುಬ್ಬಳ್ಳಿಗೆ ಲಾರಿ ಹತ್ತುವ ಮೊದಲೇ ಕಸದ ಬುಟ್ಟಿ ಸೇರಿತ್ತು. ಮನೆಗೆ ಬರುವ ದಾರಿಯಲ್ಲಿ ಇವಳು, "ಅಮ್ಮನಿಗೆ ಬರೆದಿದ್ದೆ" ಎಂದಳು. ನಮ್ಮತ್ತೆ ಮಗಳ ಇನ್‌ಲ್ಯಾಂಡ್ ಲೆಟರುಗಳನ್ನೆಲ್ಲ ವರ್ಷಕ್ಕೊಂದು ಕಟ್ಟು ಮಾಡಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಬಾವ ಅಟ್ಟ ಹತ್ತಿ ಹುಡುಕಿ, ಆ ಕಾಗದವನ್ನು ಕೊರಿಯರ್ ಮಾಡಿದರು. ಗೆದ್ದಲು ಒಂದು ಅಂಚು ತಿಂದಿತ್ತು. ತಾರೀಕು 27-3-94 ಎಂದು ಸ್ಪಷ್ಟವಾಗಿತ್ತು. ಎಡಗಡೆ ಬಾಯಿ ಸೊಟ್ಟಗಾಗಿದೆ, ಕುಡಿದ ನೀರು ಆ ಕಡೆಯಿಂದ ಸೋರುತ್ತದೆ, ಎಡಗಣ್ಣು ಮುಚ್ಚಲು ಬರುವುದಿಲ್ಲ, ಡಾಕ್ಟರು ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ ಎಂದಿದ್ದಾರೆ, ನೀನು ಗಾಬರಿಯಾಗಬೇಡ. ಡಾಕ್ಟರಿಗೆ ಬೇಕಾದದ್ದು ಅಷ್ಟು. ನಾನು ಓದಿ ಹಿಂದಿಗೆ ಹೇಳಿದೆ.

ಹೇಳದೆ ಬಿಟ್ಟ ಸಾಲುಗಳು ಅದರ ಕೆಳಗಿದ್ದವು. "ಇವರಿಗೆ ಮಾರ್ಚ್ ಕ್ಲೋಸಿಂಗು. ಬರುವುದು ಹನ್ನೊಂದಾಗುತ್ತದೆ. ನಾನು ಊಟ ಮುಚ್ಚಿಟ್ಟು ದೀಪ ಆರಿಸಿ ಮಲಗಿರುತ್ತೇನೆ. ಬೆಳಿಗ್ಗೆ ಆ ಕಡೆ ತಿರುಗಿ ಕಾಫಿ ಕೊಡುತ್ತೇನೆ. ಮೂರು ದಿನವಾಯಿತು, ಇವರಿನ್ನೂ ನೋಡಿಲ್ಲ. ನಾಲ್ಕನೆಯ ದಿನ ಪಾಪು ಹೇಳಿಬಿಟ್ಟಿತು."

ಇದರ ಬಗ್ಗೆ ನಾನು ಇವಳ ಹತ್ತಿರ ಏನೂ ಕೇಳಲಿಲ್ಲ. ಏನು ಕೇಳುವುದು?

ಆಸ್ಪತ್ರೆಯಲ್ಲಿ ಆ ಮೇಲೆ ಎರಡು ತಿಂಗಳು ಪರೀಕ್ಷೆಗಳು. ನರ್ಸಿಂಗ್ ಹೋಮಿನ ಬಯಾಪ್ಸಿ ಸ್ಲೈಡುಗಳನ್ನು ತರಿಸಿ ಮತ್ತೆ ನೋಡಿದರು. ಟಿ.ಬಿ.ಯ ಗಂಟಿನ ನಡುವೆ ಜೀವಕಣಗಳು ಸತ್ತು ಗಿಣ್ಣಿನ ಹಾಗಾಗಿರುವುದು ಸಾಮಾನ್ಯ. ಇವಳದ್ದರಲ್ಲಿ ಅದಿರಲಿಲ್ಲ. ಕ್ಷಯದ ರೋಗಾಣುವನ್ನು ಬಣ್ಣ ಹಾಕಿ ಹುಡುಕುವ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಎದೆಯ ಎಕ್ಸ್‌ರೇ ಚೊಕ್ಕಟ. ಮ್ಯಾಂಟೂ ಊದಿದ್ದು ಯಾಕೆ ಎಂದರೆ, ನಮ್ಮ ದೇಶದಲ್ಲಿ ಟಿ.ಬಿ. ಕಾಯಿಲೆ ಇಲ್ಲದ ಎಷ್ಟೋ ಜನರಿಗೂ ಅದು ಊದುತ್ತದೆ, ರೋಗಾಣು ಎಂದೋ ಒಳಹೊಕ್ಕು ಸುಮ್ಮನೆ ಮಲಗಿರುತ್ತದೆ. ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಗೆ ರಕ್ತ ಪರೀಕ್ಷೆ, ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೆ ಕೊಲೊನೊಸ್ಕೋಪಿ. ಕರುಳಿನ ಕಾಯಿಲೆ ಕೆಲವರಲ್ಲಿ ಮೊದಲು ತುಟಿಯಲ್ಲಿ ಕಾಣಿಸಿಕೊಳ್ಳುವುದುಂಟಂತೆ. ಕುಷ್ಠವೂ ಇಂಥ ಗಂಟು ಮಾಡುತ್ತದೆ ಎಂದು ಅದನ್ನೂ ನೋಡಿದರು. ಒಂದೊಂದನ್ನೇ ಇದಲ್ಲ, ಇದಲ್ಲ ಎಂದು ಹೊಡೆದುಹಾಕುತ್ತ ಬಂದರು. ಈ ರೋಗವನ್ನು ಗುರುತಿಸುವುದಕ್ಕೆ ಇಂಥದ್ದೇ ಒಂದು ರಕ್ತ ಪರೀಕ್ಷೆ ಎಂಬುದಿಲ್ಲ. ಬೇರೆ ಏನೂ ಅಲ್ಲ ಎಂದಾಗ ಉಳಿಯುವುದು, ಮತ್ತು ರೋಗಿಯ ಬಾಯಿಂದ ಬರುವ ಕಥೆ.

ಸೆಪ್ಟೆಂಬರಿನಲ್ಲಿ ಪ್ರೊಫೆಸರು ಕಾರ್ಡಿನ ಮೇಲೆ ಹೆಸರು ಬರೆದರು. ಮೆಲ್ಕರ್ಸನ್ ರೋಸೆಂತಾಲ್ ಸಿಂಡ್ರೋಮ್. ನಮಗೆ ನಾಲಿಗೆ ತಿರುಗಲು ಒಂದು ವಾರ ಬೇಕಾಯಿತು. ಸ್ವೀಡನ್ನಿನ ಮೆಲ್ಕರ್ಸನ್ ಎಂಬ ವೈದ್ಯ 1928ರಲ್ಲಿ ಮುಖದ ಊತಕ್ಕೂ ಮುಖದ ಲಕ್ವಾಕ್ಕೂ ಸಂಬಂಧ ಇದೆ ಎಂದು ಬರೆದನಂತೆ. 1931ರಲ್ಲಿ ಜರ್ಮನಿಯ ರೋಸೆಂತಾಲ್ ಬಿರುಕು ನಾಲಿಗೆಯನ್ನೂ ಅದಕ್ಕೆ ಸೇರಿಸಿದನು. ತುಟಿ ಮಾತ್ರ ಊದುವ ಬಗೆಯನ್ನು 1945ರಲ್ಲಿ ಸ್ವಿಟ್ಜರ್ಲೆಂಡಿನ ಮೀಷರ್ ವಿವರಿಸಿದ. ಮೂರೂ ಲಕ್ಷಣ ಒಟ್ಟಿಗೆ ಕಾಣುವುದು ಕಡಿಮೆ. ಒಂದು ಬಂದು ಹೋಗಿ ಹತ್ತಾರು ವರ್ಷಗಳಾದ ಮೇಲೆ ಇನ್ನೊಂದು ಬರಬಹುದು, ಅಷ್ಟರಲ್ಲಿ ಊರು ಬದಲಾಗಿರುತ್ತದೆ, ಡಾಕ್ಟರು ಬದಲಾಗಿರುತ್ತಾರೆ. ಇವಳದ್ದು ಒಂದು ಎಂಟ್ರಿ ಕೊಪ್ಪದಲ್ಲಿ, ಒಂದು ಕಾನ್ಪುರದಲ್ಲಿ, ಒಂದು ದೆಹಲಿಯಲ್ಲಿ. ಇಂಥದ್ದನ್ನೇ ಜೋಡಿಸಿ ಸಂಬಳ ತೆಗೆದುಕೊಂಡವನು ನಾನು! ಯಾಕೆ ಬರುತ್ತದೆ ಎಂದು ಪ್ರೊಫೆಸರನ್ನು ಕೇಳಿದೆ. "ಇಡಿಯೋಪಥಿಕ್" ಎಂದರು. ಕಾರಣ ತಿಳಿದಿಲ್ಲ ಎಂದು ಅರ್ಥ. ಅವರಿಗೂ ಒಂದು ಸಸ್ಪೆನ್ಸ್ ಅಕೌಂಟ್ ಇದೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ಹೆಸರು ಸಿಕ್ಕ ದಿನ ಇವಳು ಮಾಡಿದ ಮೊದಲ ಕೆಲಸ, ಮನೆಗೆ ಬಂದು ಸೀರೆಗಳ ಕೆಳಗಿಂದ ಟಿ.ಬಿ. ಮಾತ್ರೆಗಳ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟಿದ್ದು. ಎರಡನೆಯ ಕೆಲಸ, ಅಣ್ಣನಿಗೆ ಫೋನು ಮಾಡಿ ಮದುವೆಗೆ ಬಾರದಿದ್ದ ನಿಜವಾದ ಕಾರಣ ಹೇಳಿದ್ದು.

ಚಿಕಿತ್ಸೆ ಸುಖದ್ದೇನೂ ಅಲ್ಲ. ತುಟಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವು ವಾರಗಳಿಗೊಂದು ಸಲ. ಮರಗಟ್ಟಿಸಿ ಕೊಟ್ಟರೂ ಬಹಳ ನೋವು. ಜೊತೆಗೆ ಕ್ಲೋಫಾಜಿಮೈನ್ ಎಂಬ ಕಂದುಗೆಂಪು ಕ್ಯಾಪ್ಸೂಲ್. ಅದು ಮೂಲತಃ ಕುಷ್ಠಕ್ಕೆ ಕೊಡುವ ಔಷಧಿ. ಯೂಸುಫ್ ಸರಾಯ್‌ನ ಸಾಲು ಅಂಗಡಿಗಳಲ್ಲಿ ಅದನ್ನು ಕೇಳಿದಾಗ ಅಂಗಡಿಯವನು ನನ್ನ ಕೈಬೆರಳುಗಳನ್ನೊಮ್ಮೆ ನೋಡಿದ. ಅದರಿಂದ ಮೈಬಣ್ಣ ಕೆಂಪುಗಪ್ಪಗೆ ತಿರುಗುತ್ತದೆ, ನಿಲ್ಲಿಸಿದ ಮೇಲೆ ತಿಂಗಳುಗಟ್ಟಲೆ ತೆಗೆದುಕೊಂಡು ನಿಧಾನವಾಗಿ ತಿಳಿಯಾಗುತ್ತದೆ. ಆ ವರ್ಷ ಊರಿಗೆ ಹೋದಾಗ ಅತ್ತಿಗೆ, "ಅಯ್ಯೋ, ದೆಹಲಿ ಬಿಸಿಲಿಗೆ ಎಷ್ಟು ಕಪ್ಪಾಗಿದೀಯೇ" ಎಂದರು. ತುಟಿಯ ಬಗ್ಗೆ ಏನೂ ಹೇಳಲಿಲ್ಲ, ಅಷ್ಟು ಇಳಿದಿತ್ತು. ದಾಲ್ಚಿನ್ನಿ ಮತ್ತು ಬಾಟಲಿಯ ಪಾನಕ, ಸಾಸುಗಳಿಗೆ ಕೆಡದಂತೆ ಹಾಕುವ ಬೆಂಜೊಯೇಟ್ ಕೆಲವರಿಗೆ ಆಗುವುದಿಲ್ಲ, ಬಿಟ್ಟು ನೋಡಿ ಎಂದೂ ಹೇಳಿದ್ದರು. ಹಾಗಾಗಿ ಊರಿಂದ ಬರುತ್ತಿದ್ದ ವಾಂಗೀಬಾತ್ ಪುಡಿಯ ಡಬ್ಬಿ ನನ್ನ ಪಾಲಿಗೆ ಬಂತು. ಈಗಲೂ ಚಕ್ಕೆಯಿಲ್ಲದ ಬಿಸಿಬೇಳೆಬಾತು ಬೇರೆ, ಚಕ್ಕೆಯಿರುವುದು ಬೇರೆ ಎಂದು ನಮ್ಮ ಮನೆಯಲ್ಲಿ ಎರಡು ಪಾತ್ರೆ.

ಪೂರ್ತಿ ವಾಸಿಯಾಗಿಲ್ಲ. ಕ್ಯಾಪ್ಸೂಲು 2013ರಲ್ಲಿ ನಿಂತಿತು, ಇಂಜೆಕ್ಷನ್ ವರ್ಷಕ್ಕೊಂದೋ ಎರಡೋ. ಮೇಲ್ದುಟಿ ಎಡಗಡೆ ಇವತ್ತಿಗೂ ಸ್ವಲ್ಪ ದಪ್ಪ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. 2014ರ ಯುಗಾದಿಗೆ ಸಂಘದಲ್ಲಿ ಮತ್ತೆ ಹಾಡಿದಳು, ಹಿಂದಿನ ಸಾಲಿನಲ್ಲಿ ನಿಂತು. 2020ರಲ್ಲಿ ಲೋಕವೆಲ್ಲ ಮಾಸ್ಕ್ ಹಾಕಿಕೊಂಡು ಗೋಳಾಡುತ್ತಿದ್ದಾಗ ಇವಳು, "ನಂಗೆ ಹತ್ತು ವರ್ಷ ಮೊದಲೇ ಬೇಕಿತ್ತು ಇದು" ಎಂದು ನಕ್ಕಿದ್ದಳು.

2019ರಲ್ಲಿ ನಾನು ನಿವೃತ್ತನಾದಾಗ ಊರಿಗೆ ಹೋಗಿಬಿಡೋಣ ಎಂದು ನಾನೇ ಹೇಳಿದೆ. ಮಗಳು ಗುರುಗ್ರಾಮದಲ್ಲಿದ್ದಾಳೆ, ಆಸ್ಪತ್ರೆಯ ಫೈಲು ಇಲ್ಲಿದೆ ಎಂದು ಇವಳೇ ಬೇಡವೆಂದಳು. ಆ ಫೈಲಿನಲ್ಲಿ ಇನ್‌ಲ್ಯಾಂಡ್ ಲೆಟರು ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇದೆ.

ಸರ್ಕಾರಿ ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರುಗಳು ಬದಲಾಗುತ್ತಲೇ ಇರುತ್ತಾರೆ. ಕಳೆದ ಸಲ ಹೋದಾಗ ಹೊಸ ಹುಡುಗನೊಬ್ಬ ಇದ್ದ. ಮೊದಲಿನಿಂದ ಎಲ್ಲ ಕೇಳಲು ಶುರುಮಾಡಿದ. ಇವಳು ತಡೆದು, "ಪೆಹಲೇ ಜೀಭ್ ದೇಖಿಯೇ" ಎಂದು ನಾಲಿಗೆ ಚಾಚಿದಳಂತೆ. ನಾನು ಫೈಲು ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿದ್ದೆ. ಆಚೆ ಬಂದಾಗ, "ಏನಂದ?" ಎಂದು ಕೇಳಿದೆ.

"ಎಲ್ಲ ಅವನಿಗೆ ಹೇಳಿದೀನಿ. ನಡೀರಿ, ಕ್ಯಾಂಟೀನಿನಲ್ಲಿ ಚಹಾ ಕುಡಿಯೋಣ" ಎಂದಳು.